ಹಿಪ್ ಬಾತ್‌ಗೆ ಬೋರ್ಡಿನ ಮೇಲೆ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ ಇದೆ, ಅದಕ್ಕೇ ನೇರವಾಗಿ ಕೇಳುತ್ತಿದ್ದೇನೆ. ನಮ್ಮೂರಿನಲ್ಲಿ ಪ್ರಕೃತಿ ಚಿಕಿತ್ಸೆಯ ಒಂದು ಸಣ್ಣ ಆಸ್ಪತ್ರೆ ಶುರುವಾಗುತ್ತಿದೆ. ಬಾಗಿಲುಗಳ ಮೇಲಿನ ಬೋರ್ಡು, ಹೊಸದಾಗಿ ಬಂದವರ ಕೈಗೆ ಕೊಡುವ ನಾಲ್ಕು ಪುಟದ ಪರಿಚಯ, ಎರಡನ್ನೂ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೋರ್ಡು ಬರೆಯುವವರು ಗುರುವಾರ ಬರುತ್ತಾರೆ.

ತೊಡಕಾಗಿರುವುದು ಹಿಪ್ ಬಾತ್. ನೋಡದವರಿಗೆ ಹೇಳುವುದಾದರೆ, ಒರಗಿ ಕೂರುವ ಹಾಗೆ ಮಾಡಿದ ತೊಟ್ಟಿ. ಹೊಕ್ಕುಳದ ತನಕ ನೀರು. ಕಾಲು ಎರಡೂ ಹೊರಗೆ, ಬೆನ್ನಿನ ಮೇಲ್ಭಾಗವೂ ಹೊರಗೆ. ಹತ್ತಿಪ್ಪತ್ತು ನಿಮಿಷ ಕೂತು, ಬಟ್ಟೆಯಿಂದ ಹೊಟ್ಟೆಯನ್ನು ಮೆಲ್ಲಗೆ ಉಜ್ಜಿಕೊಳ್ಳಬೇಕು. ಡಾಕ್ಟರು ಕಟಿಸ್ನಾನ ಅಂತಲೇ ಬರೆಯಿರಿ ಅಂದರು. ಮನೆಯಲ್ಲಿ ನಮ್ಮತ್ತೆಗೆ ಓದಿ ಹೇಳಿದೆ. ‘ಸ್ನಾನ ಗೊತ್ತಾಯ್ತು, ಕಟಿ ಅಂದ್ರೆ ಏನಮ್ಮ?’ ಅಂದರು. ಬರುವವರಲ್ಲಿ ಅವರ ವಯಸ್ಸಿನವರೇ ಜಾಸ್ತಿ. ಸೊಂಟದ ಸ್ನಾನ ಅನ್ನಬಹುದಾ?

ಇನ್ನೊಂದು. ಪರಿಚಯದ ತಲೆಬರಹಕ್ಕೆ ಪ್ರಕೃತಿ ಚಿಕಿತ್ಸೆಯೋ, ನಿಸರ್ಗ ಚಿಕಿತ್ಸೆಯೋ?

— ತಿಪಟೂರಿನಿಂದ

*

> ಸೊಂಟದ ಸ್ನಾನ ಅನ್ನಬಹುದಾ?

ಬೇಡ. ಕಟಿಸ್ನಾನ ಅಂತ ಪದ ಇದೆ, ಬಳಕೆಯಲ್ಲೂ ಇದೆ. ‘ಕಟಿಬದ್ಧರಾಗಿದ್ದೇವೆ’ ಅಂತ ಎಲ್ಲ ಭಾಷಣದಲ್ಲೂ ಕೇಳುವ ಜನಕ್ಕೆ ಕಟಿ ಗೊತ್ತಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ಕನ್ನಡದ ಸೊಂಟವನ್ನು ಸಂಸ್ಕೃತದ ಸ್ನಾನಕ್ಕೆ ಸೇರಿಸಿದರೆ ಅರಿಸಮಾಸ, ಅಂದರೆ ವ್ಯಾಕರಣ ಒಪ್ಪದ ಬೆರಕೆ ಸಮಾಸ.

ಎರಡನೆಯ ಪ್ರಶ್ನೆಗೆ ಉತ್ತರ ಪ್ರಕೃತಿ ಚಿಕಿತ್ಸೆ. ಚಿಕಿತ್ಸೆ ಅನ್ನುವ ಪದವನ್ನು ಸ್ವಲ್ಪ ಬಿಡಿಸಿ ನೋಡಿ. ಸಂಸ್ಕೃತದ ಕಿತ್ ಧಾತುವಿಗೆ ಸನ್ ಪ್ರತ್ಯಯ ಹತ್ತಿ ಆದದ್ದು. ‘ಗುಪ್ತಿಜ್ಕಿದ್ಭ್ಯಃ ಸನ್’ ಅನ್ನುವ ಪಾಣಿನಿಯ ಒಂದೇ ಸೂತ್ರದಿಂದ ಜುಗುಪ್ಸೆ, ತಿತಿಕ್ಷೆ, ಚಿಕಿತ್ಸೆ ಮೂರೂ ಬರುತ್ತವೆ. ಧಾತುಗಳ ಪಟ್ಟಿಯಾದ ಧಾತುಪಾಠ ಕಿತ್‌ಗೆ ಕೊಡುವ ಅರ್ಥಗಳಲ್ಲಿ ರೋಗ ಕಳೆಯುವುದೂ ಒಂದು. ಔಷಧಿ ಕೊಡುವುದು ಅಂತ ಅಲ್ಲಿ ಎಲ್ಲೂ ಇಲ್ಲ. ಹಾಗಾಗಿ ನೀರು, ಮಣ್ಣು, ಬಿಸಿಲು, ಉಪವಾಸದಿಂದ ವಾಸಿ ಮಾಡುವ ಪದ್ಧತಿಗೆ ಇದಕ್ಕಿಂತ ಸರಿಯಾದ ಪದ ಇಲ್ಲ.

— ಮೈಸೂರಿನಿಂದ

*

ಮೇಷ್ಟ್ರೇ, ‘ಸೊಂಟದ ಸ್ನಾನ’ ಸಮಾಸವೇ ಅಲ್ಲ. ನಡುವೆ ಷಷ್ಠಿ ವಿಭಕ್ತಿ ಎದ್ದು ಕಾಣುತ್ತಿದೆ. ಅರಿಸಮಾಸ ಆಗುವುದು ‘ಸೊಂಟಸ್ನಾನ’ ಅಂದಾಗ. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನನ್ನು ಅರ್ಧ ಓದಿ ಹೆದರಿಸಬೇಡಿ.

ನನ್ನ ಕೇಳಿಕೆ ಬೇರೆ. ಸ್ನಾನವಾದರೂ ಯಾಕೆ ಬೇಕು? ಮೀಯುವುದು ಅಂತ ನಮ್ಮದೇ ಮಾತಿದೆ. ಕರಾವಳಿಯಲ್ಲಿ ಇವತ್ತಿಗೂ ‘ಮಿಂದು ಬಾ’ ಅನ್ನುತ್ತಾರೆ. ಸೊಂಟಕ್ಕೆ ನಡು ಅನ್ನುವ ಹಳೆಯ ಪದ ಇದೆ. ನಡುಮೀಹ ಅಂತ ಬರೆಯಿರಿ. ಪ್ರಕೃತಿ ಚಿಕಿತ್ಸೆಯ ಬದಲು ‘ಮದ್ದಿಲ್ಲದ ಆರೈಕೆ’. ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲದಕ್ಕೂ ಸಾಲ ತಂದು ತಂದು ನಮ್ಮ ಪದಗಳು ಅಟ್ಟ ಸೇರಿವೆ. ಆಸ್ಪತ್ರೆಯ ಬಾಗಿಲಲ್ಲಾದರೂ ಅವು ಕಾಣಲಿ.

— ಸಾಗರದಿಂದ

*

ಇಬ್ಬರಿಗೂ ಒಂದು ಮಾತು. ನಾನು ಇಂಥದೇ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ತೊಟ್ಟಿಗೆ ನೀರು ತುಂಬಿಸಿದವಳು, ಮಣ್ಣು ಕಲಸಿದವಳು.

‘ಮದ್ದಿಲ್ಲದ’ ಅನ್ನುವುದನ್ನು ದಯವಿಟ್ಟು ಬೋರ್ಡಿಗೆ ಹಾಕಬೇಡಿ. ನಾನಿದ್ದ ಕಡೆ ಕರಪತ್ರದಲ್ಲಿ ‘ಔಷಧಿರಹಿತ ಚಿಕಿತ್ಸೆ’ ಅಂತ ಇತ್ತು. ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಅದನ್ನು ಓದಿ, ನಮ್ಮಲ್ಲಿಗೆ ಬರುವುದಕ್ಕೆ ಒಂದು ವಾರ ಮೊದಲೇ ಮಾತ್ರೆ ನಿಲ್ಲಿಸಿದ್ದರು. ಇಲ್ಲಿ ಔಷಧಿ ಇಲ್ಲವಲ್ಲ, ಅಂದಮೇಲೆ ತಗೋಬಾರದು ಅಂತ ಅವರ ಲೆಕ್ಕ. ಬಂದ ದಿನವೇ ಅವರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಯಿತು. ನಾವು ಔಷಧಿ ಕೊಡುವುದಿಲ್ಲ ಅನ್ನುವುದು ಬೇರೆ, ನೀವು ತೆಗೆದುಕೊಳ್ಳುತ್ತಿರುವುದನ್ನು ಬಿಡಿ ಅನ್ನುವುದು ಬೇರೆ. ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು, ಉಪವಾಸವನ್ನೂ ಹಿಡಿಯಬಾರದು ಅಂತ ಪರಿಚಯದ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಿರಿ ಅಕ್ಕ. ಮಿಕ್ಕ ಪದಗಳೆಲ್ಲ ಆಮೇಲೆ.

ಸಾಲದ ಜಗಳಕ್ಕೆ ಬಂದರೆ, ಈ ಪದ್ಧತಿಯೇ ದೂರದಿಂದ ಬಂದದ್ದು. ಹಿಪ್ ಬಾತ್ ನಮ್ಮಲ್ಲಿಗೆ ಬಂದದ್ದು ಜರ್ಮನಿಯ ಲೂಯಿ ಕೂನೆಯ ಹೆಸರಿನ ಜೊತೆ. ಮಣ್ಣಿನ ಪಟ್ಟಿಯ ಮೇಲೆ ಗಾಂಧೀಜಿಗೆ ನಂಬಿಕೆ ಹುಟ್ಟಿಸಿದ ಅಡಾಲ್ಫ್ ಜಸ್ಟ್ ಕೂಡ ಅಲ್ಲಿಯವರೇ. ಇದಕ್ಕೆ ಇಂಗ್ಲಿಷಿನಲ್ಲಿರುವ ನ್ಯಾಚುರೋಪತಿ ಅನ್ನುವ ಹೆಸರು ಹುಟ್ಟಿದ್ದು ಅಮೆರಿಕದಲ್ಲಿ, 1895ರಲ್ಲಿ. ಅದರ ಮೊದಲರ್ಧ ಲ್ಯಾಟಿನ್, ಉಳಿದರ್ಧ ಗ್ರೀಕ್. ಅಂದರೆ ಮೂಲ ಹೆಸರೇ ನಿಮ್ಮ ಅರಿಸಮಾಸ. ಆ ‘ಪತಿ’ಗೆ ಗ್ರೀಕ್‌ನಲ್ಲಿ ನೋವು, ನರಳಾಟ ಅನ್ನುವ ಅರ್ಥ. ಪದ ಬಿಡಿಸಿ ನೋಡಿದರೆ ವಾಸಿಯಾಗುವ ಮಾತೇ ಇಲ್ಲ. ಆದರೂ ಎಲ್ಲರಿಗೂ ಅರ್ಥವಾಗುತ್ತದೆ, ಯಾಕೆಂದರೆ ಬಳಸಿ ಬಳಸಿ ರೂಢಿಯಾಗಿದೆ.

ಪ್ರಕೃತಿ ಚಿಕಿತ್ಸೆಯೂ ಹಾಗೆಯೇ. ಒಂದು ಸಣ್ಣ ಗೊಂದಲ ಇದೆ ನಿಜ. ಆಯುರ್ವೇದದಲ್ಲಿ ಪ್ರಕೃತಿ ಅಂದರೆ ವಾತ ಪ್ರಕೃತಿ, ಪಿತ್ತ ಪ್ರಕೃತಿ, ಅಂದರೆ ಒಬ್ಬೊಬ್ಬರ ಮೈಗುಣ. ‘ನನ್ನ ಪ್ರಕೃತಿ ನೋಡಿ ಹೇಳಿ’ ಅಂತ ಕೇಳುವವರು ಇದ್ದರು. ನಿಸರ್ಗ ಅಂದರೆ ಆ ತೊಂದರೆ ಇಲ್ಲ. ಪುಣೆಯ ಹತ್ತಿರದ ಉರುಳಿ ಕಾಂಚನದಲ್ಲಿ 1946ರಲ್ಲಿ ಗಾಂಧೀಜಿ ಶುರು ಮಾಡಿದ ಆಶ್ರಮದ ಹೆಸರೂ ನಿಸರ್ಗೋಪಚಾರ ಅಂತಲೇ. ಆದರೆ ಉಜಿರೆಯಲ್ಲಿ 1989ರಿಂದ ಇದರದೇ ಕಾಲೇಜು ಇದೆ, ಐದೂವರೆ ವರ್ಷ ಓದಿ ಡಾಕ್ಟರಾದವರು ಊರೂರಲ್ಲಿ ಇದ್ದಾರೆ, ಅವರ ಬೋರ್ಡುಗಳಲ್ಲಿ ಪ್ರಕೃತಿ ಚಿಕಿತ್ಸೆ ಅಂತ ಇದೆ. ಇನ್ನು ಬದಲಿಸುವುದು ಬೇಡ.

ನೀವು ಕೇಳದಿದ್ದರೂ ಹೇಳುತ್ತೇನೆ. ಎನಿಮಾ ಕೋಣೆಗೆ ಬಸ್ತಿ ಅಂತ ಬರೆಯಬೇಡಿ. ಆಯುರ್ವೇದದ ಬಸ್ತಿಯಲ್ಲಿ ಎಣ್ಣೆ, ಕಷಾಯ ಇರುತ್ತದೆ. ಇಲ್ಲಿ ಬರೀ ಉಗುರುಬೆಚ್ಚಗಿನ ನೀರು. ನಮ್ಮ ಕಡೆ ಬಸ್ತಿ ಅಂದರೆ ಜೈನರ ಗುಡಿ ಬೇರೆ. ಎನಿಮಾ ಅಂದರೆ ಹಳ್ಳಿಯವರಿಗೂ ಗೊತ್ತು. ಮೃತ್ತಿಕಾ ಚಿಕಿತ್ಸೆ ಅಂತ ಕೆಲವರು ಬರೆಯುತ್ತಾರೆ. ಮಣ್ಣಿನ ಪಟ್ಟಿ ಅನ್ನಿ ಸಾಕು. ಸ್ಟೀಮ್ ಬಾತ್ ಹಬೆ ಸ್ನಾನ.

— ಮೂಡುಬಿದಿರೆಯಿಂದ

*

> ಇನ್ನು ಬದಲಿಸುವುದು ಬೇಡ.

ಮಾತ್ರೆಯ ವಿಷಯ ನನಗೆ ಹೊಳೆದಿರಲಿಲ್ಲ. ‘ಮದ್ದಿಲ್ಲದ’ವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ರೂಢಿಯಾಗಿದೆ ಅನ್ನುವುದು ಕಾರಣವೇ ಅಲ್ಲ. ಬೋರ್ಡಿನಲ್ಲಿ ಬರೆದರೆ ತಾನೇ ರೂಢಿಯಾಗುವುದು? ಹಬೆ ಬರಬಹುದಾದರೆ ಮೀಹ ಯಾಕೆ ಬರಬಾರದು?

— ಸಾಗರದಿಂದ

*

ಹಬೆ ಎಲ್ಲರ ಅಡುಗೆಮನೆಯಲ್ಲಿ ಇದೆ. ಮೀಹ ಇಲ್ಲ. ಷಷ್ಠಿಯ ಬಗ್ಗೆ ನೀವು ಹೇಳಿದ್ದು ಸರಿ, ನನ್ನದು ತಪ್ಪು.

— ಮೈಸೂರಿನಿಂದ

*

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಅತ್ತೆಯನ್ನೂ ಪಕ್ಕದ ಮನೆಯ ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಪದಗಳನ್ನೂ ಓದಿದೆ. ನಡುಮೀಹ ಅಂದಾಗ ಮೂವರೂ ಸುಮ್ಮನಾದರು. ‘ಸೊಂಟದ ತೊಟ್ಟಿ ಸ್ನಾನ’ ಅಂದ ತಕ್ಷಣ ಒಬ್ಬರು, ‘ಬಾಣಂತಿಗೆ ಬಿಸಿನೀರಲ್ಲಿ ಕೂರಿಸ್ತಾರಲ್ಲ, ಹಾಗಾ?’ ಅಂದರು. ಅದನ್ನೇ ದೊಡ್ಡದಾಗಿ ಬರೆಸುತ್ತಿದ್ದೇನೆ. ಡಾಕ್ಟರ ಚೀಟಿಯಲ್ಲಿ ಕಟಿಸ್ನಾನ ಅಂತ ಇರುವುದರಿಂದ ಕೆಳಗೆ ಸಣ್ಣ ಅಕ್ಷರದಲ್ಲಿ ಅದೂ ಇರುತ್ತದೆ. ತಲೆಬರಹ ಪ್ರಕೃತಿ ಚಿಕಿತ್ಸೆ. ಮಾತ್ರೆಯ ಮಾತು ಮೊದಲ ಪುಟಕ್ಕೆ ಹೋಯಿತು. ಡಾಕ್ಟರೂ ಒಪ್ಪಿದರು.

ಸ್ಪೈನಲ್ ಬಾತ್ ಇನ್ನೂ ಬಾಕಿ ಇದೆ. ಬೆನ್ನಿನ ತೊಟ್ಟಿ ಸ್ನಾನ ಅಂತ ಅಂದುಕೊಂಡಿದ್ದೇನೆ. ಬೇರೆ ಏನಾದರೂ ಇದ್ದರೆ ಬುಧವಾರ ರಾತ್ರಿಯೊಳಗೆ ತಿಳಿಸಿ.

— ತಿಪಟೂರಿನಿಂದ