ಪದಚರ್ಚೆ: ವೆದರಿಂಗ್‌ಗೆ ‘ಮಾಸಲು ಕೊಡುವುದು’ ಅಂದರೆ ಆದೀತೇ?

ಗೆಳೆಯರೇ, ನಮಸ್ಕಾರ.

ಚಿಕ್ಕಬಳ್ಳಾಪುರದಲ್ಲಿ ನಾವು ನಾಲ್ಕೈದು ಜನ ಪುಟ್ಟ ರೈಲು ಇಂಜಿನ್‌ಗಳ ಮಾದರಿ ಮಾಡುತ್ತೇವೆ. ಭಾನುವಾರ ಯಾರಾದರೂ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಈಚೆಗೆ ಹೈಸ್ಕೂಲ್ ಮಕ್ಕಳೂ ಬರುತ್ತಿದ್ದಾರೆ. ಅವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯಲು ಕೂತಿದ್ದೇನೆ. ಬೇರೆ ಪದಗಳು ಹೇಗೋ ಸಿಕ್ಕವು. ಒಂದು ಮಾತ್ರ ಮೂರು ವಾರದಿಂದ ಕಾಡುತ್ತಿದೆ. ಇಂಗ್ಲಿಷಿನವರು ಅದಕ್ಕೆ ವೆದರಿಂಗ್ ಎನ್ನುತ್ತಾರೆ.

ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಡಬ್ಬದಿಂದ ತೆಗೆದ ಮಾದರಿ ಇಂಜಿನ್ ಮಿರಮಿರ ಮಿಂಚುತ್ತದೆ. ನಿಜವಾದ ಉಗಿ ಇಂಜಿನ್ ಹಾಗಿರುವುದಿಲ್ಲ ಅಲ್ವಾ? ಚಿಮಣಿ ಸುತ್ತ ಮಸಿ. ಚಕ್ರಗಳ ನಡುವೆ ಜಿಡ್ಡು. ಕಲ್ಲಿದ್ದಲು ತುಂಬುವ ಕಡೆ ಕಪ್ಪು ಧೂಳು. ಡ್ರೈವರ್ ಹತ್ತುವ ಮೆಟ್ಟಿಲಲ್ಲಿ ಕಾಲಿಟ್ಟೂ ಇಟ್ಟೂ ಬಣ್ಣ ಸವೆದ ಜಾಗ. ಸೇಫ್ಟಿ ವಾಲ್ವ್ ಕೆಳಗೆ ಬಿಳಿ ಕರೆ. ನಮ್ಮ ಕಡೆ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಕಟ್ಟುತ್ತದಲ್ಲ, ಅದೇ ಕರೆ. ಬಾಯ್ಲರ್ ನೀರಿನಲ್ಲಿರುವ ಉಪ್ಪು, ಸುಣ್ಣ ಹೊರಕ್ಕೆ ಚಿಮ್ಮಿ ಒಣಗಿದಾಗ ಬಿಳಿ ಗೆರೆ ಬೀಳುತ್ತದೆ.

ಇದನ್ನೆಲ್ಲ ಬೆರಳುದ್ದದ ಇಂಜಿನ್ ಮೇಲೆ ಬಣ್ಣದಲ್ಲಿ ತರಬೇಕು. ಕಪ್ಪು-ಕಂದು ಬಣ್ಣವನ್ನು ನೀರಿನ ಹಾಗೆ ತೆಳು ಮಾಡಿ ಬಳಿದು ಒರೆಸುತ್ತೇವೆ. ರಿವೆಟ್ ಸುತ್ತ, ಸಂದುಗಳಲ್ಲಿ ಮಾತ್ರ ಅದು ಉಳಿಯುತ್ತದೆ. ಒಣಗಿದ ಮೇಲೆ ಮ್ಯಾಟ್ ವಾರ್ನಿಷ್ ಹೊಡೆದು ಹೊಳಪು ಇಳಿಸುತ್ತೇವೆ. ಕೊನೆಗೆ ಪ್ಯಾಸ್ಟೆಲ್ ಕಡ್ಡಿಯನ್ನು (ಬಣ್ಣದ ಸೀಮೆಸುಣ್ಣದಂಥದ್ದು) ಎಮರಿ ಪೇಪರ್‌ಗೆ ಉಜ್ಜಿ ಪುಡಿ ಮಾಡಿ ಕುಂಚದಲ್ಲಿ ಹಚ್ಚುತ್ತೇವೆ. ಹೊಳಪು ಉಳಿದಿದ್ದರೆ ಪುಡಿ ಹಿಡಿಯುವುದಿಲ್ಲ, ಉದುರಿಹೋಗುತ್ತದೆ.

ಹೀಗೆ ಪುಡಿ ಹಚ್ಚುವಾಗ ಒಬ್ಬ ಹುಡುಗ ಕೇಳಿದ: “ಅಂಕಲ್, ಚೆನ್ನಾಗಿರೋದನ್ನ ಯಾಕೆ ಗಲೀಜು ಮಾಡ್ತಿದ್ದೀರಾ?” ಅವನ ಪ್ರಶ್ನೆ ಸರಿಯಾಗೇ ಇತ್ತು. ಆದರೆ ‘ಗಲೀಜು’, ‘ಕೊಳೆ’ ಎರಡರಲ್ಲೂ ಬೈಗುಳ ಇದೆ. ನಾವು ಮಾಡುತ್ತಿರುವುದು ಇಂಜಿನ್‌ಗೆ ಗೌರವ ಕೊಡುವ ಕೆಲಸ. ಆ ಪದಗಳು ಬೇಡ.

‘ಹಳತು ಮಾಡುವುದು’ ಅನ್ನೋಣ ಅಂದುಕೊಂಡೆ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನಮ್ಮ ಜೊತೆ ಇದ್ದಾರೆ. ಅವರು ಒಪ್ಪಲಿಲ್ಲ. “ನೋಡಪ್ಪ, ವರ್ಕ್‌ಷಾಪಿಂದ ಹೊಸ ಬಣ್ಣ ಹೊಡೆಸಿಕೊಂಡು ಬಂದ ಇಂಜಿನ್ನೂ ಒಂದೇ ತಿಂಗಳಲ್ಲಿ ಮಸಿ ಹಿಡಿಯುತ್ತೆ. ಅದು ಹಳೇದಾಗಿಲ್ಲ, ದುಡಿದಿದೆ ಅಷ್ಟೆ” ಅಂದರು. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನನಗೆ ಬೇಕಾದ ಪದದಲ್ಲಿ ವಯಸ್ಸಿಗಿಂತ ದುಡಿಮೆ ಜಾಸ್ತಿ ಕಾಣಬೇಕು.

ಆಗ ಹೊಳೆದದ್ದು ‘ಮಾಸು’. ಉಟ್ಟ ಬಟ್ಟೆ ಮಾಸುತ್ತದೆ, ಬಿಸಿಲಿಗೆ ಬಣ್ಣ ಮಾಸುತ್ತದೆ. ಬಳಕೆಯೂ ಇದೆ, ಕಾಲವೂ ಇದೆ, ಬೈಗುಳ ಇಲ್ಲ. ನಮ್ಮಲ್ಲಿ ಅರ್ಧ ಜನರ ಮನೆಮಾತು ತೆಲುಗು. ಅವರೂ ಒಗೆಯುವ ಬಟ್ಟೆಗೆ ‘ಮಾಸಿನ ಬಟ್ಟಲು’ ಎನ್ನುತ್ತಾರೆ, ತಕ್ಷಣ ಅರ್ಥವಾಯಿತು. ತಮಿಳಿನಲ್ಲಿ ಮಾತ್ರ ಅದೇ ‘ಮಾಸು’ ಇವತ್ತು ಪರಿಸರ ಮಾಲಿನ್ಯಕ್ಕೆ ನಿಂತಿದೆ. ಕನ್ನಡದಲ್ಲಿ ‘ಮಾಸದ ನೆನಪು’ ಅಂದಾಗ ಅದೇ ಪದ ಎಷ್ಟು ಮೃದುವಾಗಿದೆ ನೋಡಿ.

ತೊಡಕು ಎರಡು. ಒಂದು, ಹೆಸರುಪದವಾಗಿ ‘ಮಾಸು’ ಅಂದರೆ ಕರು ಹಾಕಿದ ಮೇಲೆ ಬೀಳುವ ಕಸ. ಹಾಲಿನ ಡೇರಿ ಇಲ್ಲದ ಹಳ್ಳಿ ಹುಡುಕಬೇಕಾದ ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೆ ಮೊದಲು ನೆನಪಾಗುವುದು ಅದೇ. ಇನ್ನೊಂದು, ‘ಮಾಸು’ ತಾನಾಗಿ ಆಗುವ ಕ್ರಿಯೆ. ನಾವು ಬೇಕಂತಲೇ ಮಾಡುತ್ತೇವೆ. ಒಣಗು–ಒಣಗಿಸು, ಮುಳುಗು–ಮುಳುಗಿಸು ಇದ್ದ ಹಾಗೆ ‘ಮಾಸಿಸು’ ಅನ್ನಬಹುದು. ಆದರೆ ಎರಡು ಸಕಾರ ಒಟ್ಟಿಗೆ ಬಂದು ನಾಲಿಗೆ ತೊಡರುತ್ತದೆ. ‘ಹಳಸು’ ಇದೆ, ‘ಹಳಸಿಸು’ ಅಂತ ಮನೆಯಲ್ಲಿ ಯಾರೂ ಅನ್ನುವುದಿಲ್ಲ. ನಿಮ್ಮ ಕಡೆ ಯಾರಾದರೂ ‘ಮಾಸಿಸು’ ಅನ್ನುವುದನ್ನು ಕೇಳಿದ್ದೀರಾ? ಕೇಳಿದ್ದರೆ ಯಾವ ಊರು, ಯಾವ ಕೆಲಸದವರು ಅಂತ ದಯವಿಟ್ಟು ತಿಳಿಸಿ.

ಸದ್ಯಕ್ಕೆ ನಾನು ಬರೆದುಕೊಂಡಿರುವುದು ‘ಮಾಸಲು ಕೊಡುವುದು’. ‘ಮಾಸಲು ಬಣ್ಣ’ ಎಲ್ಲರಿಗೂ ಗೊತ್ತು. ಒಡವೆಗೆ ಮೆರುಗು ಕೊಡುತ್ತೇವೆ, ಮರಕ್ಕೆ ಹೊಳಪು ಕೊಡುತ್ತೇವೆ. ಇಂಜಿನ್‌ಗೆ ಮಾಸಲು ಕೊಡುತ್ತೇವೆ. ಕೈಕೆಲಸದ ಮಾತಿನ ಹಾಗೇ ಕೇಳಿಸುತ್ತದೆ ಅಂತ ನನ್ನ ಅನಿಸಿಕೆ.

ಜೊತೆಗೆ ಇನ್ನೊಂದು ಸಣ್ಣ ವಿಷಯ, ಸ್ಕೇಲ್ ಮತ್ತು ಗೇಜ್. ಮಾದರಿ ನಿಜದ್ದಕ್ಕಿಂತ ಎಷ್ಟು ಪಟ್ಟು ಚಿಕ್ಕದು ಅನ್ನುವುದು ಸ್ಕೇಲ್, ಎರಡು ಹಳಿಗಳ ನಡುವಿನ ಅಂತರ ಗೇಜ್. ಮಕ್ಕಳು ಎರಡನ್ನೂ ಕಲಸಿಬಿಡುತ್ತಾರೆ. ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಯಲಹಂಕಕ್ಕೆ ಹೋಗುತ್ತಿದ್ದ ನಮ್ಮ ಹಳೇ ನ್ಯಾರೋ ಗೇಜ್ ಹಳಿಗಳ ನಡುವಿನ ಅಂತರ 762 ಮಿಲಿಮೀಟರ್. ಕೋಲಾರ–ಚಿಕ್ಕಬಳ್ಳಾಪುರದ ಭಾಗ 2013ರಲ್ಲಿ ಬ್ರಾಡ್ ಗೇಜ್ ಆಯಿತು. ಮಾದರಿ ರೈಲಿನವರ ಎಚ್‌ಒ ಸ್ಕೇಲ್ ಅಂದರೆ 1ಕ್ಕೆ 87, ನಿಜದ್ದರ ಎಂಬತ್ತೇಳನೇ ಒಂದು ಭಾಗ. 762ನ್ನು 87ರಿಂದ ಭಾಗಿಸಿದರೆ ಸುಮಾರು 8.8. ಹಾಗಾಗಿ ಎನ್ ಎಂಬ ಇನ್ನೂ ಚಿಕ್ಕ ಸ್ಕೇಲಿನವರ 9 ಮಿಲಿಮೀಟರ್ ಹಳಿ ತಂದರೆ ನಮ್ಮ ಚಿಕ್ಕ ರೈಲಿಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ತಮಾಷೆ ಅಂದರೆ 1676 ಮಿಲಿಮೀಟರಿನ ಬ್ರಾಡ್ ಗೇಜ್‌ಗೆ ಇದೇ ಲೆಕ್ಕದಲ್ಲಿ 19 ದಾಟಬೇಕು. ಎಚ್‌ಒ ಹಳಿ ಸಿಗುವುದು 16.5 ಮಾತ್ರ. ನಂದಿ ಹಾಲ್ಟ್‌ನಲ್ಲಿ ಈಗ ನಿಲ್ಲುವ ರೈಲಿಗಿಂತ ತಾತನ ಕಾಲದ ರೈಲನ್ನು ಅಳತೆಗೆ ಹತ್ತಿರ ಮಾಡಬಹುದು!

ಗೇಜ್ ಅನ್ನು ಗೇಜ್ ಅಂತಲೇ ಬಿಟ್ಟಿದ್ದೇನೆ, ಊರವರಿಗೆಲ್ಲ ಗೊತ್ತಿರುವ ಪದ. ಸ್ಕೇಲ್‌ಗೆ ಬೇರೆ ಪದ ಕಟ್ಟುವ ಬದಲು ‘ಎಂಬತ್ತೇಳರಲ್ಲೊಂದು’ ಎಂದು ಬರೆದಿದ್ದೇನೆ. “ಇದು ಎಂಬತ್ತೇಳರಲ್ಲೊಂದು ಇಂಜಿನ್” ಅಂದರೆ ಮಕ್ಕಳಿಗೆ ತಟ್ಟನೆ ತಿಳಿಯಿತು. ಯಾರಿಗಾದರೂ ಇದು ಸರಿ ಕಾಣದಿದ್ದರೆ ಹೇಳಿ.

ಮತ್ತೆ ಮಾಸಲಿಗೆ ಬರುತ್ತೇನೆ. ಕೋಲಾರ, ತುಮಕೂರು ಕಡೆ ಪೌರಾಣಿಕ ನಾಟಕಗಳಿಗೆ ಸೀನರಿ ಪರದೆ ಬರೆಯುವವರು ಇದ್ದಾರೆ. ಹೊಸ ಬಟ್ಟೆಯ ಮೇಲೆ ಪಾಳು ಗೋಡೆ, ಮಸಿ ಹಿಡಿದ ಕಂಬ ಬರೆಯುವಾಗ ಅವರು ತಮ್ಮತಮ್ಮಲ್ಲಿ ಏನಾದರೂ ಅನ್ನಲೇಬೇಕು. ಅದೇ ನನಗೆ ಬೇಕಾದ ಪದ ಇದ್ದರೂ ಇರಬಹುದು. ಅಂಥವರ ಪರಿಚಯ ಇರುವವರು ಒಮ್ಮೆ ಕೇಳಿ ನೋಡುತ್ತೀರಾ? ಕೈಪಿಡಿಯಲ್ಲಿ ಆ ಪುಟ ಇನ್ನೂ ಖಾಲಿ ಇಟ್ಟಿದ್ದೇನೆ.