ಸರೇಸು (ಪ್ರಾಣಿ ಚರ್ಮ, ಮೂಳೆಯಿಂದ ಮಾಡೋ, ಮರ ಅಂಟಿಸೋ ಅಂಟು) ಬಿಸಿ ಮಾಡೋಕೆ ಮನೇಲೇ ಏನಾದ್ರೂ ಸೆಟಪ್ ಮಾಡ್ಕೊಂಡಿದ್ದೀರಾ? ಸಹಾಯ ಬೇಕು

ನಮಸ್ಕಾರ ಎಲ್ರಿಗೂ, ನಮ್ಮಜ್ಜನ ಹಾರ್ಮೋನಿಯಂ ಪೆಟ್ಟಿಗೆ ಜಾಯಿಂಟ್ ಬಿಟ್ಕೊಂಡಿದೆ, ಫೆವಿಕಾಲ್ ಹಾಕೋಕೆ ಮನಸ್ಸಿಲ್ಲ ಯಾಕಂದ್ರೆ ಸರೇಸಾದ್ರೆ ಮುಂದೆ ರಿಪೇರಿ ಮಾಡೋರು ಬಿಸಿನೀರು ತಾಗಿಸಿ ಬಿಡಿಸ್ಕೋಬಹುದು. ಸರೇಸಿನ ಒಣ ಕಾಳನ್ನ ರಾತ್ರಿಯೆಲ್ಲಾ ನೀರಲ್ಲಿ ನೆನೆಸಿ, ಸ್ಟೀಲ್ ಲೋಟಕ್ಕೆ ಹಾಕಿ ಬಿಸಿನೀರಿನ ಪಾತ್ರೆಲಿಟ್ಟೆ, ಗ್ಯಾಸ್ ಸಿಮ್ಮಲ್ಲಿದ್ರೂ 85 ಡಿಗ್ರಿ ದಾಟ್ಬಿಡ್ತು, ಮನೆಯೆಲ್ಲಾ ವಾಸನೆ, ಮಾರನೇ ದಿನ ಜಾಯಿಂಟ್ ಕೈಯಲ್ಲೇ ಕಿತ್ಕೊಂಡು ಬಂತು. ತುಂಬಾ ಬೇಜಾರಾಯ್ತು. 60 ಡಿಗ್ರಿ ಆಸುಪಾಸಲ್ಲೇ ನಿಲ್ಬೇಕು, ಜಾಸ್ತಿಯಾದ್ರೆ ಅಂಟಿನ ಬಲ ಹೋಗುತ್ತೆ. ಪಾರ್ಲರ್‌ನವರ ವ್ಯಾಕ್ಸ್ ಹೀಟರಲ್ಲಿ ನೀರು ಹಾಕಿ ಗಾಜಿನ ಬಾಟ್ಲಿ ಇಟ್ರೆ ನಡೆಯುತ್ತಾ, ಇಲ್ಲ ಮಗು ಹಾಲಿನ ಬಾಟಲ್ ವಾರ್ಮರ್ರೇ ಸಾಕಾ? ಮಾಡಿದೋರಿದ್ರೆ ಫೋಟೋ ಹಾಕಿ ಪ್ಲೀಸ್.