ಹುಲ್ಲಿನ ಬೀಜದಲ್ಲಿ ‘ಜೊಳ್ಳು’ ಯಾವುದು, ‘ಮಲಗಿದ್ದು’ ಯಾವುದು?

ಪ್ರಶ್ನೆ (ಜಮಖಂಡಿಯಿಂದ)

ಹಿರಿಯರಿಗೆ ನಮಸ್ಕಾರ. ದನಕರುಗಳ ಮೇವಿನ ಗಿನಿ ಹುಲ್ಲು, ಅಂಜನ ಹುಲ್ಲಿನ ಬೀಜ ಬೆಳೆಯುವವರಿಗೆ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಎರಡು ಪದಗಳಲ್ಲಿ ತೊಡಕು. ಹೊಸದಾಗಿ ಕೊಯ್ದ ಬೀಜ ಕೆಲವು ತಿಂಗಳು ಮೊಳೆಯದೆ ಇರುವುದಕ್ಕೆ ಪುಸ್ತಕಗಳಲ್ಲಿ ‘ಸುಪ್ತಾವಸ್ಥೆ’ ಎಂದಿದೆ. ನಮ್ಮ ಕಡೆ ಮೊಳೆಯದ್ದೆಲ್ಲ ‘ಜೊಳ್ಳು’. ‘ಮಲಗಿದ ಬೀಜ’ ಎಂದರೆ ನಡೆದೀತೇ? ಇನ್ನೊಂದು ‘ನಾಟಿ’. ‘ಮಳೆ ಹಿಡಿದ ಮೇಲೆ ನಾಟಿ’ ಎಂದು ಕರಡಿನಲ್ಲಿದೆ. ವಿಜಯಪುರ, ಬಾಗಲಕೋಟೆಯ ರೈತರು ಇದನ್ನು ಹೇಗೆ ಓದುತ್ತಾರೆ?

ಉತ್ತರ (ಗೋಕಾಕದಿಂದ)

ಸರ, ‘ಜೊಳ್ಳು’ ಎಂಬುದನ್ನು ಒಳಗೆ ಕಾಳಿಲ್ಲದ ಬರಿ ಸಿಪ್ಪೆಗೆ ಮಾತ್ರ ಇಟ್ಟುಕೊಳ್ಳಿ. ಜೋಳ ತೂರುವಾಗ ಹಾರಿದ್ದು ಜೊಳ್ಳು, ಕಾಲಬುಡಕ್ಕೆ ಬಿದ್ದದ್ದು ಗಟ್ಟಿಕಾಳು. ಗಿನಿ ಹುಲ್ಲಿನಲ್ಲಿ ಆ ಲೆಕ್ಕ ಹಿಡಿದರೆ ಕೆಟ್ಟಿತು. ಒಂದು ಕಿಲೋಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಬೀಜ. ಜೋರು ಗಾಳಿಗೆ ಗಟ್ಟಿಯೂ ಹಾರಿಹೋಗುತ್ತದೆ. ಉಗುರಿನಿಂದ ಒತ್ತಿದಾಗ ಒಳಗೆ ಕಾಳು ತಗುಲಿದರೆ ಗಟ್ಟಿ, ಚಪ್ಪಟೆಯಾದರೆ ಜೊಳ್ಳು.

ಈ ಹುಲ್ಲಿನಲ್ಲಿ ಜೊಳ್ಳು ಹೆಚ್ಚು ಕಾಣುವುದಕ್ಕೆ ಕಾರಣವನ್ನೂ ಕೈಪಿಡಿಯಲ್ಲಿ ಬರೆಯಿರಿ. ಒಂದು ಬುಡದ ತೆನೆಗಳೆಲ್ಲ ಒಮ್ಮೆಗೆ ಹೊರಬರುವುದಿಲ್ಲ. ಒಂದೇ ತೆನೆಯಲ್ಲೂ ತುದಿಯ ಕಾಳು ಮೊದಲು ಬಲಿತು, ಬಲಿತ ಕೂಡಲೇ ಉದುರುತ್ತದೆ. ಇಡೀ ತೆನೆ ಹಣ್ಣಾಗಲಿ ಎಂದು ಕಾದರೆ ಒಳ್ಳೆಯದೆಲ್ಲ ನೆಲಕ್ಕೆ, ಕೈಗೆ ಉಳಿಯುವುದು ಜೊಳ್ಳು. ಅವಸರ ಮಾಡಿದರೆ ಇನ್ನೊಂದು ತೊಂದರೆ. ಜೋಳದ ಸೀತನಿಯಂತೆ ಹಾಲು ತುಂಬಿದ ಕಾಳು ಒಣಗಿ ಸುಕ್ಕಾಗುತ್ತದೆ. ಅದಕ್ಕೆ ‘ಎಳೆಗಾಳು’ ಎನ್ನಿ, ಜೊಳ್ಳು ಅಲ್ಲ. ತುದಿಯ ಕಾಳು ಉದುರಲು ಶುರುವಾದಾಗ ಕೊಯ್ಯುವುದು ಮೇಲು.

ಕೊಯ್ದ ತೆನೆಗಳನ್ನು ನೆರಳಲ್ಲಿ ಎರಡು–ಮೂರು ದಿನ ಗುಡ್ಡೆ ಹಾಕಿದರೆ ಕಾಳು ಸಡಿಲಾಗಿ ಬಡಿದಾಗ ಸಲೀಸಾಗಿ ಬಿಡುತ್ತದೆ. ಗುಡ್ಡೆ ದಪ್ಪವಾದರೆ ಒಳಗೆ ಕಾವು ಏರಿ ಬೀಜ ಬೇಯುತ್ತದೆ. ಕೈ ಹಾಕಿ ನೋಡಿ, ಬಿಸಿಯಾದರೆ ಮಗುಚಬೇಕು. ಹೀಗೆ ಕೆಟ್ಟದ್ದು ‘ಸತ್ತ ಬೀಜ’. ಅದರೊಳಗೆ ಕಾಳಿರುತ್ತದೆ, ಜೀವ ಇರುವುದಿಲ್ಲ.

‘ಮಲಗಿದ ಬೀಜ’ ಚೆನ್ನಾಗಿದೆ, ಇಟ್ಟುಕೊಳ್ಳಿ. ‘ಸತ್ತ’ ಎಂಬುದಕ್ಕೆ ಎದುರಾಗಿ ನಿಲ್ಲುವ ಪದ ಬೇಕು. ‘ಸುಪ್ತ’ ಎಂದರೆ ಹೊಲದಲ್ಲಿ ಅದು ಹೊಳೆಯುವುದಿಲ್ಲ. ಗಿನಿ, ಅಂಜನ ಎರಡರಲ್ಲೂ ಹೊಸ ಬೀಜ ಮಲಗಿರುತ್ತದೆ. ಒಣ ಜಾಗದಲ್ಲಿ ಆರು ತಿಂಗಳಿಟ್ಟರೆ ಬಹುಪಾಲು ಏಳುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಕೊಯ್ದದ್ದನ್ನು ಮುಂದಿನ ಮುಂಗಾರಿಗೆ ಬಿತ್ತಿದರೆ ಸರಿಹೊಂದುತ್ತದೆ. ಪರೀಕ್ಷೆ ಸುಲಭ: ನೂರು ಗಟ್ಟಿಬೀಜ ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಮೂರು ವಾರ ಇಡಿ, ತೇವ ಆರಗೊಡಬೇಡಿ. ಆಮೇಲೆ ಮೊಳೆಯದವನ್ನು ಒತ್ತಿ ನೋಡಿ. ಮೆತ್ತಗಾಗಿ ಕೊಳೆತದ್ದು ಸತ್ತದ್ದು, ಗಟ್ಟಿಯಾಗಿಯೇ ಇದ್ದದ್ದು ಮಲಗಿದ್ದು.

‘ನಾಟಿ’ಯನ್ನು ಮಾತ್ರ ಖಂಡಿತ ತೆಗೆಯಿರಿ. ದಕ್ಷಿಣದ ಭತ್ತದ ಸೀಮೆಯಲ್ಲಿ ಅದು ಸಸಿ ಕಿತ್ತು ನೆಡುವುದು. ನಮ್ಮಲ್ಲಿ ಬೀಜ ‘ನಾಟುವುದು’ ಎಂದರೆ ಮೊಳೆತು ಮೇಲೆ ಬರುವುದು. ‘ನಾಟಿಗಿ ಛಲೋ ಆಗೇತಿ’ ಅಂತೀವಿ. ಗಿನಿ ಹುಲ್ಲನ್ನು ಎರಡೂ ಬಗೆಯಲ್ಲಿ ಬೆಳೆಯುವುದರಿಂದ ಗೊಂದಲ ಖಚಿತ. ಬೀಜಕ್ಕೆ ‘ಬಿತ್ತುವುದು’, ಬುಡಕ್ಕೆ ‘ಹಚ್ಚುವುದು’ ಎಂದು ಬರೆಯಿರಿ. ಹಳೆಯ ಬುಡ ಕಿತ್ತು ಬೇರುಸಹಿತ ಎರಡು–ಮೂರು ಮರಿಗಳಾಗಿ ಸೀಳಿ, ಎಲೆ ಕತ್ತರಿಸಿ, 50 × 30 ಸೆಂ.ಮೀ. ಅಂತರದಲ್ಲಿ ಹಚ್ಚಿದರೆ ಎಕರೆಗೆ ಸುಮಾರು 27,000 ಬುಡ ಹಿಡಿಯುತ್ತವೆ. ಬೀಜವಾದರೆ ಎಕರೆಗೆ ಒಂದು ಕಿಲೋ, ಮರಳಿನಲ್ಲಿ ಬೆರೆಸಿ, ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೋಗದಂತೆ. ಜೋಳದ ಕೂರಿಗೆಯಲ್ಲಿ ಬಿಟ್ಟರೆ ಆಳಕ್ಕೆ ಬಿದ್ದು ಎರಿ ಮಣ್ಣಿನಡಿ ಸಾಯುತ್ತದೆ. ಆಗಲೂ ಬೈಗುಳ ‘ಜೊಳ್ಳು ಬೀಜ ಕೊಟ್ರು’ ಎಂದೇ. ಬೀಜ ಕೊಟ್ಟವರ ತಪ್ಪು ಅಲ್ಲೇನೂ ಇಲ್ಲ.

ತೆನೆಯ ಕಾಳನ್ನು ಪೂರ್ತಿ ಜೊಳ್ಳು ಎನ್ನಬಹುದಾದದ್ದು ಸಜ್ಜೆ ಮತ್ತು ನೇಪಿಯರ್ ಹುಲ್ಲು ಕೂಡಿಸಿದ ಮೇವಿನ ತಳಿಯಾದ ಸಜ್ಜೆ–ನೇಪಿಯರ್ ಹೈಬ್ರಿಡ್‌ನಲ್ಲಿ. ಸಜ್ಜೆಯಿಂದ 7, ನೇಪಿಯರ್‌ನಿಂದ 14, ಒಟ್ಟು 21 ವರ್ಣತಂತುಗಳು (ಕ್ರೋಮೋಸೋಮ್) ಜೋಡಿಯಾಗಲಾರದೆ ಅದು ಬಂಜೆ. ಇದೇ ಬಗೆಯ ಧಾರವಾಡದ ತಳಿ ಡಿಎಚ್‌ಎನ್-6 ಕೂಡ ಎರಡು ಕಣ್ಣಿನ ಕಾಂಡದ ತುಂಡಿನಿಂದಲೇ ಬೆಳೆಯುವುದು. ಕಬ್ಬಿನ ಸೀಮೆಯಲ್ಲಿ ತುಂಡಿಗೂ ‘ಬೀಜ’ ಎನ್ನುತ್ತೇವಲ್ಲ, ಹಾಗಾಗಿ ‘ನೇಪಿಯರ್ ಬೀಜ’ ಎಂಬ ಮಾತು ತಪ್ಪಲ್ಲ. ಕೈಪಿಡಿಯಲ್ಲಿ ಮಾತ್ರ ‘ತುಂಡು’ ಎಂದಿರಲಿ. ಕಾಳು ಎಂದು ತಿಳಿದು ಪೊಟ್ಟಣ ಕೊಂಡವರಿಗೆ ನಷ್ಟವಾಗುತ್ತದೆ.

ಒಂದು ಪದ ನನಗೂ ಬೇಕಿದೆ. ಅಂಜನ ಹುಲ್ಲಿನ ಕಾಳನ್ನು ಸುತ್ತಿದ ಕೂದಲಿನಂಥ ಕವಚಕ್ಕೆ ‘ಸುಂಕು’ (ತೆನೆಯ ಕಾಳಿನ ಮುಳ್ಳಿನಂಥ ಎಳೆ) ಒಗ್ಗುತ್ತಿಲ್ಲ. ಸುಂಕು ಬಿರುಸು, ಇದು ಮೆದು. ಬೀಜ ಒಂದಕ್ಕೊಂದು ಸಿಕ್ಕಿಕೊಂಡು ಕೂರಿಗೆಯ ಬಟ್ಟಲಲ್ಲಿ ಇಳಿಯದೆ ನಿಲ್ಲುವುದು ಈ ಕೂದಲಿನಿಂದಲೇ. ಬಾದಾಮಿ, ಹುನಗುಂದದ ಕುರಿಗಾಹಿಗಳ ಬಾಯಲ್ಲಿ ಇದಕ್ಕೆ ಹೆಸರಿದ್ದರೆ ದಯವಿಟ್ಟು ಬರೆಯಿರಿ.